ಬಿಳಿ ರಮ್, ನಿಂಬೆ, ಸಕ್ಕರೆ: ಕೊಡಗಿನ ಮನೆಯಲ್ಲಿ ಐದು ಕಾಕ್‌ಟೇಲ್‌ಗಳನ್ನು ಬೆರೆಸಿ ಹೋಲಿಸುವ ಬಗೆ

ಕೊಡಗಿನ ಮನೆಗಳಲ್ಲಿ ರಮ್ ಎಂದರೆ ಕಪ್ಪು ರಮ್ ಎಂದೇ ಅರ್ಥ. ಸೈನ್ಯದಿಂದ ನಿವೃತ್ತರಾದವರು ಒಬ್ಬರೂ ಇಲ್ಲದ ಊರು ಇಲ್ಲಿ ಅಪರೂಪವಾದ್ದರಿಂದ, ಕ್ಯಾಂಟೀನಿನ ಬಾಟಲಿಗೂ ನಮ್ಮ ಮನೆಗಳಿಗೂ ತಲೆಮಾರುಗಳ ನಂಟಿದೆ. ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಆ ರಮ್ಮಿಗೆ ಬಿಸಿನೀರು ಬೆರೆಸಿ, ಜಜ್ಜಿದ ಕರಿಮೆಣಸು ಹಾಕಿ ಕುಡಿಯುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಬೆಂಗಳೂರಿನಿಂದ ಬಂದ ನೆಂಟರು ಕೊಟ್ಟುಹೋದ ಬಿಳಿ ರಮ್ಮಿನ ಬಾಟಲಿ ಮಾತ್ರ ಬೀರುವಿನ ಹಿಂದಿನ ಸಾಲಿನಲ್ಲಿ ಮುಚ್ಚಳ ಬಿಚ್ಚದೆ ನಿಂತಿರುತ್ತದೆ. ಅದಕ್ಕೂ ಬಿಸಿನೀರು ಬೆರೆಸಿ ನೋಡಿದವರು ‘ಇದರಲ್ಲಿ ಏನೂ ಇಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿಳಿ ರಮ್ ತಾನಾಗಿ ಹೆಚ್ಚು ಮಾತನಾಡುವ ಮದ್ಯವಲ್ಲ. ಹುಳಿ, ಸಿಹಿ, ತಣ್ಪು ಈ ಮೂರೂ ಹದವಾಗಿ ಸೇರಿದಾಗಲೇ ಅದರ ಗುಣ ಹೊರಬರುತ್ತದೆ. ಕಪ್ಪು ರಮ್ ನಮ್ಮ ಕೈತಪ್ಪನ್ನು ಮುಚ್ಚಿಹಾಕುವಷ್ಟು ಗಟ್ಟಿ ರುಚಿಯದು, ಬಿಳಿ ರಮ್ ಆ ದಾಕ್ಷಿಣ್ಯ ತೋರಿಸುವುದಿಲ್ಲ. ಆದ್ದರಿಂದ ಡೈಕಿರಿ, ಕಾಂಚಾಂಚರಾ, ಮೊಹಿಟೋ, ಕ್ಯೂಬಾ ಲಿಬ್ರೆ, ಪಿನಾ ಕೊಲಾಡಾ ಎಂಬ ಐದು ಕಾಕ್‌ಟೇಲ್‌ಗಳಿಗೆ ಇಲ್ಲಿ ಕೊಟ್ಟಿರುವ ಅಳತೆಗಳನ್ನು ಮೊದಲ ಒಂದೆರಡು ಬಾರಿಯಾದರೂ ಹಾಗೆಯೇ ಪಾಲಿಸಬೇಕೆಂದು ಕೋರುತ್ತೇನೆ. ಕೈಯಂದಾಜು ಆಮೇಲೆ ಬರಲಿ.

ಬಾಟಲಿಯೊಳಗೆ ಇರುವುದೇನು

ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಭಟ್ಟಿ ಇಳಿಸಿದರೆ ಬರುವುದು ರಮ್. ಭಟ್ಟಿಯಿಂದ ಇಳಿಯುವಾಗ ಎಲ್ಲ ರಮ್ಮೂ ನೀರಿನಂತೆ ಬಣ್ಣವಿಲ್ಲದ್ದೇ ಆಗಿರುತ್ತದೆ. ಕಪ್ಪು ರಮ್ಮಿಗೆ ಬಣ್ಣ ಬರುವುದು ಮರದ ಪೀಪಾಯಿಯಿಂದ, ಮತ್ತು ಬಹಳಷ್ಟು ಸಂದರ್ಭಗಳಲ್ಲಿ ಕಂದಿಸಿದ ಸಕ್ಕರೆಯಿಂದ. ಬಿಳಿ ರಮ್ಮಿನಲ್ಲಿ ಎರಡು ಬಗೆ: ಪೀಪಾಯಿಯನ್ನೇ ಕಾಣದೆ ಬಾಟಲಿ ಸೇರಿದ್ದು ಒಂದು, ಪೀಪಾಯಿಯಲ್ಲಿ ಸ್ವಲ್ಪ ಕಾಲ ಇದ್ದು ಅನಂತರ ಇದ್ದಿಲಿನ ಮೂಲಕ ಸೋಸಿ ಬಣ್ಣ ಕಳೆದುಕೊಂಡದ್ದು ಇನ್ನೊಂದು. 1862ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊ ಪಟ್ಟಣದಲ್ಲಿ ಫಕುಂಡೊ ಬಕಾರ್ಡಿ ಆರಂಭಿಸಿದ ಭಟ್ಟಿಯು ಹೆಸರು ಮಾಡಿದ್ದು ಈ ಎರಡನೆಯ ಬಗೆಯ ಹಗುರ ರಮ್ಮಿನಿಂದಲೇ. ಅದೇ ಹೆಸರಿನ ರಮ್ ಇಂದು ನಮ್ಮ ನೆರೆಯ ನಂಜನಗೂಡಿನಲ್ಲಿಯೂ ತಯಾರಾಗುತ್ತದೆ. ಬ್ರಾಂಡ್ ಯಾವುದೇ ಇರಲಿ, ಬಾಟಲಿಯ ಮೇಲೆ ಸುವಾಸನೆ ಸೇರಿಸಿದ್ದೆಂದು ಬರೆದಿರುವುದನ್ನು ಈ ಕೆಲಸಕ್ಕೆ ಕೊಳ್ಳಬಾರದು; ಸಾದಾ ಬಿಳಿ ರಮ್ ಸಾಕು. ಭಾರತದಲ್ಲಿ ತಯಾರಾಗುವ ಮದ್ಯದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ವಿದೇಶದ ಬಿಳಿ ರಮ್‌ಗಳು ಹೆಚ್ಚಾಗಿ ಶೇಕಡಾ 37.5 ಅಥವಾ 40ರವು. ಅಲ್ಲಿಯ ಪಾಕವಿಧಾನಗಳನ್ನು ಇಲ್ಲಿ ಮಾಡಿದಾಗ ಸ್ವಲ್ಪ ಖಾರವೆನ್ನಿಸಲು ಇದೂ ಒಂದು ಕಾರಣ.

ಪರವಾನಗಿ ಇರುವ ಅಂಗಡಿಯ, ಮುದ್ರೆ ಒಡೆಯದ ಬಾಟಲಿಯನ್ನು ಬಿಟ್ಟು ಬೇರೇನನ್ನೂ ಬಳಸಬಾರದು ಎಂಬುದನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ಬಂದವರಲ್ಲಿ ವಾಹನ ಓಡಿಸಬೇಕಾದವರು ಇದ್ದರೆ ಅವರಿಗೆ ನಿಂಬೆ ಶರಬತ್ತು ಮಾತ್ರ. ರಾತ್ರಿಯ ಹೊತ್ತು, ಮಂಜು ಕವಿದ ತಿರುವಿನಲ್ಲಿ, ತೋಟದಿಂದ ರಸ್ತೆಗೆ ಇಳಿದ ಆನೆಯ ಮುಂದೆ ಬ್ರೇಕ್ ಹಾಕುವುದು ಪೂರ್ತಿ ಎಚ್ಚರವಿದ್ದವರಿಗೇ ಕಷ್ಟ.

ಸಾಮಗ್ರಿ: ಅಡುಗೆಮನೆಯಲ್ಲಿ ಇರುವುದೇ ಸಾಕು

ಪಾನೀಯ ಅಲುಗಾಡಿಸುವ ಶೇಕರ್ ಇಲ್ಲವೆಂದು ಕೊರಗಬೇಕಿಲ್ಲ. ಬಿಗಿಯಾದ ಮುಚ್ಚಳವಿರುವ, ಸುಮಾರು ಅರ್ಧ ಲೀಟರಿನ ಸ್ಟೀಲ್ ಡಬ್ಬಿ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅಲುಗಾಡಿಸುವಾಗ ಒಂದು ಕೈ ಮುಚ್ಚಳದ ಮೇಲೂ ಇನ್ನೊಂದು ಕೈ ತಳದಲ್ಲೂ ಇರಲಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುವುದರಿಂದ ಮುಚ್ಚಳ ಹೀರಿಕೊಂಡಂತೆ ಬಿಗಿಯುತ್ತದೆ. ಆಗ ಎಳೆದಾಡದೆ ಅಂಚಿಗೆ ಅಂಗೈಯಿಂದ ಒಂದು ಏಟು ಕೊಟ್ಟರೆ ಬಿಡುತ್ತದೆ. ಸೋಸಲು ಟೀ ಜರಡಿ ಸಾಕು. ಪುದಿನ ಅದುಮಲು ಮರದ ಸೌಟಿನ ಹಿಡಿ ಸಾಕು. ಏಲಕ್ಕಿ ಕುಟ್ಟುವ ಕುಟ್ಟಾಣಿಯ ಗುಂಡು ಬೇಡ, ಅದರಲ್ಲಿ ಉಳಿದಿರುವ ಏಲಕ್ಕಿ ಮತ್ತು ಮೆಣಸಿನ ವಾಸನೆ ಎಷ್ಟು ತೊಳೆದರೂ ಪುದಿನದ ಜೊತೆ ಬಂದೇ ಬರುತ್ತದೆ.

ಅಳತೆಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. 30 ಮತ್ತು 60 ಮಿ.ಲೀ. ಪೆಗ್ ಅಳತೆ ಬಹಳ ಮನೆಗಳಲ್ಲಿರುತ್ತದೆ. ಆದರೆ ನಿಂಬೆರಸ 20 ಮಿ.ಲೀ. ಬೇಕಾದಾಗ ಅದರಲ್ಲಿ ಗೆರೆ ಇರುವುದಿಲ್ಲ. ಮಕ್ಕಳ ಕೆಮ್ಮಿನ ಔಷಧದ ಬಾಟಲಿಯ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ 5 ಮತ್ತು 10 ಮಿ.ಲೀ. ಗೆರೆಗಳಿರುತ್ತವೆ. ಅದನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಇದಕ್ಕೆಂದೇ ಎತ್ತಿಟ್ಟುಕೊಂಡಿದ್ದೇನೆ. ಅದಕ್ಕಿಂತ ನಿಖರವಾದ ಸಾಧನ ನಮ್ಮ ಮನೆಯಲ್ಲಿ ಬೇರೆ ಇಲ್ಲ.

ನಿಂಬೆ, ಸಕ್ಕರೆ, ಐಸ್

ಈ ಮೂರರಲ್ಲಿ ನಿಂಬೆಯದೇ ದೊಡ್ಡ ಪಾಲು. ವಿದೇಶದ ಪಾಕವಿಧಾನಗಳಲ್ಲಿ ಲೈಮ್ ಎಂದು ಬರೆದಿರುವುದು ಬಹುತೇಕ ದಪ್ಪನೆಯ, ಬೀಜವಿಲ್ಲದ, ಹಸಿರು ಸಿಪ್ಪೆಯ ಹಣ್ಣು. ಸಂತೆಯಲ್ಲಿ ನಮಗೆ ಸಿಗುವುದು ತೆಳು ಸಿಪ್ಪೆಯ, ಬೀಜವಿರುವ, ಹಣ್ಣಾದಾಗ ಹಳದಿಗೆ ತಿರುಗುವ ಸಣ್ಣ ನಿಂಬೆ. ಇದರಲ್ಲಿ ಹುಳಿಯೂ ಹೆಚ್ಚು, ಪರಿಮಳವೂ ಹೆಚ್ಚು. ಕಬ್ಬು ಮತ್ತು ನಿಂಬೆ ಜಾತಿಯ ಬೀಜಗಳು ಕೊಲಂಬಸನ ಎರಡನೆಯ ಯಾನದಲ್ಲಿ, 1493ರಲ್ಲಿ, ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪಗಳಿಗೆ ಹೋದವು. ಎರಡರ ಮೂಲವೂ ಏಷ್ಯಾದ ಕಡೆಯದು. ಅಂದರೆ ಈ ಪಾನೀಯಗಳ ಮುಖ್ಯ ಸಾಮಗ್ರಿ ನಮ್ಮ ದಿಕ್ಕಿನಿಂದಲೇ ಅಲ್ಲಿಗೆ ಹೋದದ್ದು ಎಂದು ಹೆಮ್ಮೆ ಪಡಲು ಅಡ್ಡಿಯಿಲ್ಲ, ಹೆಮ್ಮೆಯಿಂದ ಅಳತೆ ಮರೆಯದಿದ್ದರೆ ಸರಿ.

ಹಣ್ಣನ್ನು ಕೊಯ್ಯುವ ಮೊದಲು ಅಂಗೈಯಡಿ ಒತ್ತಿ ಉರುಳಿಸಬೇಕು. ರಸ ಹಿಂಡುವಾಗ ಕೊನೆಯ ಹನಿಯವರೆಗೆ ತಿರುಚಬಾರದು. ಸಿಪ್ಪೆಯ ಒಳಗಿನ ಬಿಳಿ ಪದರ ಹಿಸುಕಿದರೆ ಕಹಿ ಇಳಿಯುತ್ತದೆ. ಮಧ್ಯಮ ಗಾತ್ರದ ಹಣ್ಣೊಂದರಿಂದ 15ರಿಂದ 20 ಮಿ.ಲೀ. ರಸ ಬಂದರೆ ಒಳ್ಳೆಯ ಹಣ್ಣು ಎನ್ನಬಹುದು. ರಸವನ್ನು ಆಯಾ ಸಂಜೆಗೇ ಹಿಂಡಿಕೊಳ್ಳಬೇಕು. ನಿನ್ನೆಯ ರಸದಲ್ಲಿ ಹುಳಿ ಉಳಿದಿರುತ್ತದೆ, ಪರಿಮಳ ಹೋಗಿರುತ್ತದೆ.

ಸಕ್ಕರೆ ತಣ್ಣನೆಯ ಮದ್ಯದಲ್ಲಿ ಸುಲಭವಾಗಿ ಕರಗುವುದಿಲ್ಲ, ತಳದಲ್ಲಿ ಮರಳಿನಂತೆ ಕೂರುತ್ತದೆ. ಆದ್ದರಿಂದ ತಕ್ಕಡಿಯಲ್ಲಿ ತೂಗಿದ 100 ಗ್ರಾಂ ಸಕ್ಕರೆಗೆ 100 ಮಿ.ಲೀ. ಬಿಸಿನೀರು ಹಾಕಿ ಕಲಸಿ ಪಾಕ ಮಾಡಿಟ್ಟುಕೊಳ್ಳಬೇಕು. ಎಳೆ ಬರುವವರೆಗೆ ಕುದಿಸುವ ನಮ್ಮ ಸಿಹಿತಿಂಡಿಯ ಪಾಕ ಇದಲ್ಲ, ಸಕ್ಕರೆ ಕರಗಿದರೆ ಮುಗಿಯಿತು. ಇದರಿಂದ ಸುಮಾರು 160 ಮಿ.ಲೀ. ಪಾಕ ಸಿಗುತ್ತದೆ, ಅಂದರೆ 20 ಮಿ.ಲೀ. ಪಾಕದಲ್ಲಿ ಸುಮಾರು 12 ಗ್ರಾಂ ಸಕ್ಕರೆ. ಈ ಲೆಕ್ಕ ಮುಂದೆ ಹೋಲಿಸುವಾಗ ಬೇಕಾಗುತ್ತದೆ. ಬೆಲ್ಲದ ಪಾಕದ ಆಸೆ ನನಗೂ ಬಂದಿತ್ತು. ಆದರೆ ಬೆಲ್ಲ ಬಿಳಿ ರಮ್ಮನ್ನು ಕಪ್ಪು ರಮ್ಮಿನ ಬಡ ನೆಂಟನಂತೆ ಮಾಡಿಬಿಡುತ್ತದೆ. ಅಷ್ಟೇ ಬೇಕಿದ್ದರೆ ಕಪ್ಪು ರಮ್ಮನ್ನೇ ಕುಡಿಯುವುದು ಲೇಸು.

ಐಸಿನ ಮಾತು ಕೊಡಗಿನಲ್ಲಿ ಸ್ವಲ್ಪ ಬೇರೆಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ಹರಿದರೆ ಎರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕರೆಂಟ್ ಇರುವುದಿಲ್ಲ. ಅಂಥ ವಾರದಲ್ಲಿ ಮೀನಿನ ಗಾಡಿಯವರಿಂದ ಐಸ್ ತರುವ ಯೋಚನೆ ಯಾರಿಗಾದರೂ ಬಂದರೆ ತಡೆಯಬೇಕು, ಅದು ಕುಡಿಯುವ ನೀರಿನ ಐಸ್ ಅಲ್ಲ. ಕರೆಂಟ್ ಇರುವ ದಿನ ಕುದಿಸಿ ಆರಿಸಿದ ನೀರನ್ನು ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಗಡ್ಡೆಗಳನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಬೇಕು. ಮುಚ್ಚಳ ಏಕೆಂದರೆ, ಫ್ರೀಜರಿನಲ್ಲಿ ಪಕ್ಕದಲ್ಲಿರುವ ಹಂದಿ ಮಾಂಸದ ಮತ್ತು ಒಣಮೀನಿನ ವಾಸನೆಯನ್ನು ಐಸ್ ಹೀರಿಕೊಳ್ಳುತ್ತದೆ. ಅದು ಕಪ್ಪು ರಮ್ಮಿನಲ್ಲಿ ತಿಳಿಯದೆ ಹೋಗಬಹುದು, ಡೈಕಿರಿಯಲ್ಲಿ ಮೊದಲ ಗುಟುಕಿಗೇ ತಿಳಿಯುತ್ತದೆ. ಒಬ್ಬರ ಒಂದು ಲೋಟಕ್ಕೆ ಎಂಟು ಹತ್ತು ಗಡ್ಡೆಗಳಂತೆ ಲೆಕ್ಕ ಹಾಕಿಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ಕಡಿಮೆ ಮಾಡಿಕೊಂಡು ಸೋಲುವುದು ಇಲ್ಲಿಯೇ. ಐಸ್ ಕಡಿಮೆಯಾದರೆ ನೀರು ಕಡಿಮೆ ಸೇರುತ್ತದೆ ಎಂಬ ಎಣಿಕೆ ತಪ್ಪು: ನಾಲ್ಕೇ ಗಡ್ಡೆ ಹಾಕಿದರೆ ಅವು ಬೇಗನೆ ಕರಗಿ, ಪಾನೀಯ ತಣ್ಣಗಾಗುವ ಮೊದಲೇ ನೀರಾಗುತ್ತದೆ.

ಡೈಕಿರಿ: ಮೊದಲು ಕಲಿಯಬೇಕಾದದ್ದು

ಕ್ಯೂಬಾದ ಸ್ಯಾಂಟಿಯಾಗೊ ಪಟ್ಟಣದ ಹತ್ತಿರದ ಡೈಕಿರಿ ಎಂಬ ಕರಾವಳಿ ಊರಿನ ಕಬ್ಬಿಣದ ಗಣಿಗಳಲ್ಲಿ 1898ರ ಸುಮಾರಿಗೆ ಕೆಲಸ ಮಾಡುತ್ತಿದ್ದ ಅಮೆರಿಕದ ಎಂಜಿನಿಯರ್ ಜೆನ್ನಿಂಗ್ಸ್ ಕಾಕ್ಸ್ ಇದನ್ನು ಮೊದಲು ಬೆರೆಸಿದನೆಂಬುದು ಎಲ್ಲರೂ ಹೇಳುವ ಕಥೆ. ಮುಂದೆ ಹವಾನಾದ ಎಲ್ ಫ್ಲೊರಿಡಿಟಾ ಬಾರಿನಲ್ಲಿ ಕಾನ್‌ಸ್ಟಾಂಟಿನೊ ರಿಬಲೈಗುವಾ ಎಂಬ ನಿಪುಣ ಇದಕ್ಕೆ ಹಲವು ರೂಪ ಕೊಟ್ಟ. ಸಾಮಗ್ರಿ ಮೂರೇ ಇರುವುದರಿಂದ ಇದರಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಡೈಕಿರಿ ಹದಕ್ಕೆ ಬಂದರೆ ಉಳಿದವು ತಾವಾಗಿ ಬರುತ್ತವೆ, ಏಕೆಂದರೆ ಉಳಿದವೆಲ್ಲ ಇದೇ ರಮ್, ಹುಳಿ, ಸಿಹಿಯನ್ನು ಸೋಡಾದಿಂದಲೋ ಕೋಲಾದಿಂದಲೋ ತೆಂಗಿನ ಹಾಲಿನಿಂದಲೋ ಹಿಗ್ಗಿಸಿದ ರೂಪಗಳು.

ಒಂದು ಲೋಟಕ್ಕೆ ಬಿಳಿ ರಮ್ 60 ಮಿ.ಲೀ., ನಿಂಬೆರಸ 20 ಮಿ.ಲೀ., ಸಕ್ಕರೆ ಪಾಕ 20 ಮಿ.ಲೀ. ಬೇಕು. ಕುಡಿಯುವ ಲೋಟವನ್ನು ಅರ್ಧ ಗಂಟೆ ಮೊದಲೇ ಫ್ರೀಜರಿನಲ್ಲಿ ಇಟ್ಟಿರಬೇಕು. ಮೂರನ್ನೂ ಐಸ್ ಇಲ್ಲದೆ ಡಬ್ಬಿಗೆ ಹಾಕಿ, ಚಮಚದ ತುದಿಯಲ್ಲಿ ಒಂದು ಹನಿ ರುಚಿ ನೋಡಿ. ಈ ಹಂತದಲ್ಲಿ ಅದು ಸ್ವಲ್ಪ ಹೆಚ್ಚು ಸಿಹಿಯಾಗಿ, ಹೆಚ್ಚು ಗಡುಸಾಗಿ ಇರಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ನೀರು ಸೇರಿದಾಗ ಗಡಸು ಇಳಿಯುತ್ತದೆ. ಬಿಸಿ ಇರುವಾಗಲೇ ಉಪ್ಪು ಸರಿಯಾಗಿದೆಯೇ ಎಂದು ನೋಡಿ ಆರಿದ ಮೇಲಿನ ರುಚಿಯನ್ನು ಊಹಿಸುವ ಅಡುಗೆಯವರಿಗೆ ಈ ಲೆಕ್ಕ ಹೊಸದಲ್ಲ.

ಇನ್ನು ಡಬ್ಬಿಯ ಮುಕ್ಕಾಲು ಭಾಗ ಐಸ್ ತುಂಬಿ, ಮುಚ್ಚಳ ಬಿಗಿದು, ಹದಿನೈದು ಎಣಿಸುವವರೆಗೆ ಜೋರಾಗಿ ಅಲುಗಾಡಿಸಬೇಕು. ಮೊದಲ ಐದು ಎಣಿಕೆಯಲ್ಲಿ ಗಡ್ಡೆಗಳು ಲೋಹಕ್ಕೆ ಬಡಿಯುವ ಸದ್ದು ಗಟ್ಟಿಯಾಗಿ, ಬಿಡಿಬಿಡಿಯಾಗಿ ಕೇಳುತ್ತದೆ. ಹತ್ತರ ಹೊತ್ತಿಗೆ ಅಂಚುಗಳು ಸವೆದು ಸದ್ದು ಮೆತ್ತಗಾಗುತ್ತದೆ, ಡಬ್ಬಿಯ ಹೊರಮೈಯಲ್ಲಿ ಮೊದಲು ಹನಿ, ಆಮೇಲೆ ತೆಳುವಾದ ಬಿಳಿ ಹಿಮ ಕಟ್ಟುತ್ತದೆ, ಬೆರಳು ಹಿಡಿದುಕೊಳ್ಳಲಾರೆ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮದ್ಯ ಸೇರಿರುವುದರಿಂದ ಒಳಗಿನ ಪಾನೀಯ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿದಿರುತ್ತದೆ, ಮತ್ತು ಮೂಲ ಪ್ರಮಾಣದ ಕಾಲು ಭಾಗದಿಂದ ಅರ್ಧದವರೆಗೆ ನೀರು ಸೇರಿರುತ್ತದೆ. ಆ ನೀರು ದೋಷವಲ್ಲ, ಪಾನೀಯದ ನಾಲ್ಕನೆಯ ಸಾಮಗ್ರಿ. ಟೀ ಜರಡಿಯಲ್ಲಿ ಸೋಸಿ, ತಣ್ಣನೆಯ ಲೋಟಕ್ಕೆ ಸುರಿದು, ಐಸ್ ಹಾಕದೆ ಕೂಡಲೇ ಕೊಡಬೇಕು. ಮೇಲೆ ತೆಳುವಾದ ನೊರೆ ನಿಂತರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು.

ಕುಡಿದಾಗ ಕೆನ್ನೆಯ ಒಳಗೆ ಹಿಡಿದಂತಾದರೆ ಹುಳಿ ಹೆಚ್ಚು. ಮುಂದಿನ ಬಾರಿ ಪಾಕವನ್ನು 25 ಮಿ.ಲೀ. ಮಾಡಿ, ನಿಂಬೆಯನ್ನು ಇಳಿಸಬೇಡಿ. ನಮ್ಮ ನಿಂಬೆಗೆ ಪಾಕದ ಅಳತೆಯಲ್ಲಿ ನನ್ನ ಕೈ ಸಾಮಾನ್ಯವಾಗಿ 22 ಮಿ.ಲೀ. ಹತ್ತಿರ ನಿಲ್ಲುತ್ತದೆ.

ಹುಳಿಯ ವಿಷಯ ಬಂದಾಗ ಕಾಚಂಪುಳಿಯ ನೆನಪು ಕೊಡಗಿನವರಿಗೆ ಬರದೆ ಇರದು. ನನಗೂ ಬಂದಿತ್ತು. ನಿಂಬೆರಸದ ಬದಲು ಅರ್ಧ ಚಮಚ ಕಾಚಂಪುಳಿ ಹಾಕಿ ಡೈಕಿರಿ ಬೆರೆಸಿದ ದಿನ, ಲೋಟದಲ್ಲಿ ಚಹಾದ ಬಣ್ಣದ ನೀರು ನಿಂತಿತು, ಮೂಗಿಗೆ ಪಂದಿಕರಿಯ ಪಾತ್ರೆ ತೆರೆದಂತೆ ಆಯಿತು. ಸೈನ್ಯದಲ್ಲಿದ್ದು ಬಂದ ನಮ್ಮ ಚಿಕ್ಕಪ್ಪ ಒಂದು ಗುಟುಕು ಕುಡಿದು, ‘ರಮ್ ಚೆನ್ನಾಗಿದೆ ಮಗಾ, ಮಾಂಸ ಎಲ್ಲಿ?’ ಎಂದರು. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿದ ಆ ಹುಳಿ ಕೊಬ್ಬಿನ ಮಾಂಸಕ್ಕೆ ಎದುರು ನಿಲ್ಲಲು ಹುಟ್ಟಿದ್ದು. ಬಿಳಿ ರಮ್ಮಿನ ಮೇಲೆ ಅದನ್ನು ಬಿಡಬಾರದು.

ಕೊಡಗಿನದೇ ಒಂದು ಗುರುತು ಬೇಕೆನ್ನುವವರಿಗೆ ಹಿತ್ತಲಿನ ಪ್ಯಾಷನ್ ಫ್ರೂಟ್ ಒಳ್ಳೆಯ ದಾರಿ. ಎರಡು ಮೂರು ಹಣ್ಣಿನ ತಿರುಳನ್ನು ಜರಡಿಯಲ್ಲಿ ಚಮಚದಿಂದ ಒತ್ತಿ ಬೀಜ ಬೇರ್ಪಡಿಸಿ 30 ಮಿ.ಲೀ. ರಸ ತೆಗೆದುಕೊಂಡು, ನಿಂಬೆಯನ್ನು 10 ಮಿ.ಲೀ.ಗೆ ಇಳಿಸಿ, ಪಾಕವನ್ನು 25ಕ್ಕೆ ಏರಿಸಿದರೆ ಹದ ಸಿಗುತ್ತದೆ. ಬೀಜವನ್ನು ಮಿಕ್ಸಿಗೆ ಹಾಕಬಾರದು, ಒಗರಾಗುತ್ತದೆ.

ಕಾಂಚಾಂಚರಾ: ಜೇನಿಗೆ ಹೇಳಿಮಾಡಿಸಿದ್ದು

ಸಕ್ಕರೆಯ ಜಾಗದಲ್ಲಿ ಜೇನು ಬಂದರೆ ಅದು ಕಾಂಚಾಂಚರಾ. ಕ್ಯೂಬಾದ ಸ್ವಾತಂತ್ರ್ಯ ಹೋರಾಟಗಾರರು 1868ರಿಂದ 1878ರವರೆಗೆ ಸ್ಪೇನಿನ ವಿರುದ್ಧ ನಡೆಸಿದ ಹತ್ತು ವರ್ಷಗಳ ಯುದ್ಧದ ಕಾಲದಲ್ಲಿ ಕಬ್ಬಿನ ಸಾರಾಯಿ, ಜೇನು, ನಿಂಬೆ ಬೆರೆಸಿ ಕುಡಿಯುತ್ತಿದ್ದರೆಂದು ಹೇಳುತ್ತಾರೆ. ಹೊರಗೆ ಅಷ್ಟಾಗಿ ಹೆಸರಾಗದ ಈ ಪಾನೀಯ, ಭಾಗಮಂಡಲದ ಕಡೆಯ ಜೇನು ಮನೆಯಲ್ಲಿ ಸದಾ ಇರುವ ನಮಗೆ ಮೊಹಿಟೋಗಿಂತ ಹತ್ತಿರದ್ದು ಎಂಬುದು ನನ್ನ ಅಭಿಪ್ರಾಯ.

ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಪಟ್ಟಿಯಲ್ಲಿ ಇದಕ್ಕೆ 60 ಮಿ.ಲೀ. ಕ್ಯೂಬಾದ ಕಬ್ಬಿನ ಸಾರಾಯಿ, 15 ಮಿ.ಲೀ. ನಿಂಬೆರಸ, 15 ಮಿ.ಲೀ. ಜೇನು, 50 ಮಿ.ಲೀ. ನೀರು ಎಂದಿದೆ. ಸಾರಾಯಿಯ ಬದಲು ನಾವು ಬಿಳಿ ರಮ್ ಬಳಸೋಣ. ಜೇನು ತಣ್ಣನೆಯ ರಮ್ಮಿಗೆ ಬಿದ್ದರೆ ತಳಕ್ಕೆ ಅಂಟಿ ಕೂರುವುದರಿಂದ, ಮೊದಲು ಅದನ್ನು ನೀರು ಮತ್ತು ನಿಂಬೆರಸದಲ್ಲಿ ಪೂರ್ತಿ ಕದಡಬೇಕು. ಆಮೇಲೆ ರಮ್, ಕೊನೆಗೆ ಐಸ್. ಅಲುಗಾಡಿಸುವ ಅಗತ್ಯವಿಲ್ಲ, ಚಮಚದಲ್ಲಿ ತಿರುಗಿಸಿದರೆ ಸಾಕು. ಮಣ್ಣಿನ ಕುಡಿಕೆಯಲ್ಲಿ ಕೊಡುವುದು ಅಲ್ಲಿಯ ಪದ್ಧತಿ. ಯಾವ ಹೂವಿನ ಜೇನು ಎಂಬುದರ ಮೇಲೆ ರುಚಿ ಬಹಳ ಬದಲಾಗುತ್ತದೆ. ಮಳೆಗೆ ಮೊದಲು ಇಳಿಸಿದ ಜೇನಿಗೂ ಆಮೇಲಿನದಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಕಹಿ ಅಂಚಿರುವ ಗಾಢ ಜೇನಾದರೆ 12 ಮಿ.ಲೀ. ಸಾಕು.

ಮೊಹಿಟೋ: ಪುದಿನವನ್ನು ಅರೆಯಬಾರದು

ಹವಾನಾದ ಈ ಪಾನೀಯಕ್ಕೆ ರಮ್ 45 ಮಿ.ಲೀ., ನಿಂಬೆರಸ 20 ಮಿ.ಲೀ., ಸಕ್ಕರೆ ಎರಡು ಟೀ ಚಮಚ, ಪುದಿನ ಆರು ಕುಡಿ, ಉಳಿದದ್ದು ಸೋಡಾ. ಇಲ್ಲಿ ಪಾಕದ ಬದಲು ಸಕ್ಕರೆಯ ಹರಳನ್ನೇ ಬಳಸುವುದಕ್ಕೆ ಕಾರಣವಿದೆ: ಹರಳು ಎಲೆಯ ಮೇಲ್ಮೈಯನ್ನು ಮೆಲ್ಲಗೆ ಉಜ್ಜಿ ಪರಿಮಳದ ಎಣ್ಣೆಯನ್ನು ಬಿಡಿಸುತ್ತದೆ. ಎತ್ತರದ ಲೋಟದಲ್ಲಿ ಪುದಿನ, ಸಕ್ಕರೆ, ನಿಂಬೆರಸ ಹಾಕಿ, ಸೌಟಿನ ಹಿಡಿಯಿಂದ ನಾಲ್ಕೈದು ಬಾರಿ ಅದುಮಿದರೆ ಸಾಕು. ಎಲೆ ಬಾಡಿದಂತೆ ಕಾಣಬೇಕು, ಹರಿದಿರಬಾರದು. ಚಟ್ನಿ ಮಾಡಿ ಅಭ್ಯಾಸವಾದ ಕೈ ಇಲ್ಲಿ ತಪ್ಪುತ್ತದೆ. ಅರೆದ ಪುದಿನದಿಂದ ಹುಲ್ಲಿನ ಕಹಿಯೂ, ಹಲ್ಲಿಗೆ ಅಂಟುವ ಹಸಿರು ಚೂರೂ ಬರುತ್ತವೆ. ನಲ್ಲಿಯ ಪಕ್ಕ ನೀರು ಹರಿಯುವಲ್ಲಿ ಬೆಳೆದ ಪುದಿನದ ತುದಿಯ ಎಳೆಯ ಕುಡಿಗಳು ಇದಕ್ಕೆ ಸೊಗಸು. ಕೊನೆಯಲ್ಲಿ ರಮ್ ಸುರಿದು, ಲೋಟ ತುಂಬ ಐಸ್ ಹಾಕಿ, 80ರಿಂದ 90 ಮಿ.ಲೀ. ತಣ್ಣನೆಯ ಸೋಡಾ ಹೊಯ್ದು, ಚಮಚವನ್ನು ತಳದಿಂದ ಒಮ್ಮೆ ಮೇಲಕ್ಕೆತ್ತಿ ಕಲಸಬೇಕು. ಒಂದು ಕುಡಿಯನ್ನು ಅಂಗೈಯಲ್ಲಿಟ್ಟು ತಟ್ಟಿ ಮೇಲೆ ಸಿಕ್ಕಿಸಿದರೆ ಕುಡಿಯುವಾಗ ಮೂಗಿಗೆ ಪರಿಮಳ ಸಿಗುತ್ತದೆ.

ಸೋಡಾ ಡಬ್ಬಿಯೊಳಗೆ ಹೋಗಲೇಬಾರದು. ಕಳೆದ ವರ್ಷ ನನ್ನ ಅಕ್ಕನ ಮಗ ಕೆಲಸ ಬೇಗ ಮುಗಿಯಲೆಂದು ಎಲ್ಲವನ್ನೂ ಸೋಡಾ ಸಮೇತ ಡಬ್ಬಿಗೆ ಹಾಕಿ ಅಲುಗಾಡಿಸಿದ. ಮುಚ್ಚಳ ಅಟ್ಟಕ್ಕೆ ಬಡಿಯಿತು, ಪುದಿನದ ಎಲೆಯೊಂದು ಇಂದಿಗೂ ತೊಲೆಯ ಮೇಲೆ ಒಣಗಿ ಅಂಟಿಕೊಂಡಿದೆ.

ಕ್ಯೂಬಾ ಲಿಬ್ರೆ

ರಮ್ ಮತ್ತು ಕೋಲಾ ಎಂದು ಎಲ್ಲರೂ ಮಾಡುವುದೇ ಇದು, ನಿಂಬೆಯೊಂದನ್ನು ಮರೆಯುತ್ತಾರೆ ಅಷ್ಟೆ. ‘ಸ್ವತಂತ್ರ ಕ್ಯೂಬಾ’ ಎಂಬ ಅರ್ಥದ ಈ ಹೆಸರು 1898ರ ಸ್ಪೇನ್–ಅಮೆರಿಕ ಯುದ್ಧದ ಬೆನ್ನಿಗೆ, 1900ರ ಸುಮಾರಿಗೆ ಚಾಲ್ತಿಗೆ ಬಂತು. ರಮ್ 50 ಮಿ.ಲೀ., ಕೋಲಾ 120 ಮಿ.ಲೀ., ನಿಂಬೆರಸ 10 ಮಿ.ಲೀ.; ಲೋಟ ತುಂಬ ಐಸ್ ಹಾಕಿ ಮೊದಲು ನಿಂಬೆರಸ, ಆಮೇಲೆ ರಮ್, ಕೊನೆಗೆ ಕೋಲಾ. ಕೋಲಾ ಬಾಟಲಿ ಆಗಷ್ಟೇ ತೆರೆದದ್ದಾಗಿರಬೇಕು. ದೊಡ್ಡ ಬಾಟಲಿಯಲ್ಲಿ ನಿನ್ನೆಯಿಂದ ಉಳಿದದ್ದನ್ನು ಮಕ್ಕಳಿಗೂ ಕೊಡಬಾರದು, ಇದಕ್ಕೂ ಹಾಕಬಾರದು.

ಪಿನಾ ಕೊಲಾಡಾ: ತೆಂಗಿನ ಕೆಲಸವೇ ಮುಖ್ಯ

ಪೋರ್ಟೊ ರಿಕೊದ ಸ್ಯಾನ್ ಹುವಾನ್ ನಗರದ ಕೆರೀಬ್ ಹಿಲ್ಟನ್ ಹೋಟೆಲಿನಲ್ಲಿ ರಮೋನ್ ಮರೆರೊ 1954ರಲ್ಲಿ ಇದನ್ನು ರೂಪಿಸಿದನೆಂದು ಆ ಹೋಟೆಲು ಹೇಳುತ್ತದೆ. ಆ ದ್ವೀಪ 1978ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಪಾನೀಯವೆಂದು ಘೋಷಿಸಿತು. ಅಲ್ಲಿ ಡಬ್ಬಿಯಲ್ಲಿ ಬರುವ, ಸಕ್ಕರೆ ಸೇರಿಸಿದ ಗಟ್ಟಿ ತೆಂಗಿನ ಪಾಕವನ್ನು ಬಳಸುತ್ತಾರೆ. ಪಾಯಸಕ್ಕೆ ಕಾಯಿಹಾಲು ತೆಗೆದು ಗೊತ್ತಿರುವ ಮನೆಯಲ್ಲಿ ಅದಕ್ಕೆ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ.

ಬಲಿತ ಕಾಯಿಯೊಂದನ್ನು ತುರಿದು, ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ ಮೊದಲ ಹಾಲನ್ನು ಮಾತ್ರ ತೆಗೆದುಕೊಳ್ಳಬೇಕು. ಎರಡನೆಯ, ಮೂರನೆಯ ಹಾಲು ಸಾರಿಗೆ ಹೋಗಲಿ. 200 ಮಿ.ಲೀ. ಗಟ್ಟಿ ಹಾಲಿಗೆ 150 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಕೈಯಾಡಿಸಬೇಕು. ಕುದಿ ಬಂದರೆ ಹಾಲು ಒಡೆದು ಎಣ್ಣೆ ಬಿಡುತ್ತದೆ, ಆದ್ದರಿಂದ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಇಳಿಸಬೇಕು. ಫ್ರಿಜ್ಜಿನಲ್ಲಿ ಇಟ್ಟಾಗ ಮೇಲೆ ಕೊಬ್ಬು ಗಟ್ಟಿಯಾಗಿ ಕೂರುವುದು ಸಹಜ. ಬಳಸುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿ ಕಲಸಿದರೆ ಮತ್ತೆ ಒಂದಾಗುತ್ತದೆ.

ಪೂರ್ತಿ ಮಾಗಿದ ಅನಾನಸಿನ ರಸ 50 ಮಿ.ಲೀ., ತೆಂಗಿನ ಪಾಕ 30 ಮಿ.ಲೀ., ರಮ್ 50 ಮಿ.ಲೀ., ಜೊತೆಗೆ ಎರಡು ಹಿಡಿ ಐಸನ್ನು ಮಿಕ್ಸಿಯಲ್ಲಿ ಒಂದೇ ಸಲಕ್ಕೆ ತಿರುಗಿಸಬೇಕು. ಗಡ್ಡೆಗಳನ್ನು ಮೊದಲೇ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಒಡೆದುಕೊಂಡರೆ ಮಿಕ್ಸಿಯ ಬ್ಲೇಡ್ ಉಳಿಯುತ್ತದೆ. ಪಾಕವಿಧಾನದ ಪ್ರಕಾರ ಇಷ್ಟೇ. ಆದರೆ ನಾನು 10 ಮಿ.ಲೀ. ನಿಂಬೆರಸ ಸೇರಿಸದೆ ಇದನ್ನು ಯಾರಿಗೂ ಕೊಡುವುದಿಲ್ಲ. ಅದಿಲ್ಲದಿದ್ದರೆ ಇದು ಮದ್ಯ ಬೆರೆಸಿದ ಐಸ್‌ಕ್ರೀಮ್. ಎರಡು ಏಲಕ್ಕಿಯನ್ನು ತೆಂಗಿನ ಪಾಕಕ್ಕೆ ಬಿಸಿ ಇರುವಾಗಲೇ ಹಾಕಿ ಆರಿದ ಮೇಲೆ ತೆಗೆದರೆ ಸೊಗಸಾಗಿರುತ್ತದೆ. ಮೂರನೆಯದು ಬೇಡ.

ಐದನ್ನೂ ಒಟ್ಟಿಗೆ ಇಟ್ಟು ನೋಡುವುದು

ಹೋಲಿಕೆ ಎಂದರೆ ಐದು ಪೂರ್ತಿ ಲೋಟ ಕುಡಿಯುವುದಲ್ಲ. 60 ಮಿ.ಲೀ. ರಮ್ಮಿನ ಒಂದು ಡೈಕಿರಿಯಲ್ಲಿಯೇ ಸುಮಾರು 25 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ನಾಲ್ಕು ಜನ ಕೂತು ಒಂದೊಂದು ಪಾನೀಯವನ್ನು ಒಂದೇ ಲೋಟದಷ್ಟು ಬೆರೆಸಿ, ಕಾಫಿ ಲೋಟದ ತಳಕ್ಕೆ ಎರಡು ಗುಟುಕಿನಂತೆ ಹಂಚಿಕೊಂಡರೆ ಐದೂ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಿಗೆ 66 ಮಿ.ಲೀ.ನಷ್ಟು ರಮ್ ಆಗಿರುತ್ತದೆ. ಒಂದು ಸಂಜೆಗೆ ಅಷ್ಟು ಸಾಕು. ರಮ್, ನಿಂಬೆ, ಐಸ್ ಐದಕ್ಕೂ ಒಂದೇ ಇರಬೇಕು, ಇಲ್ಲವಾದರೆ ಯಾವುದನ್ನು ಹೋಲಿಸುತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ಕ್ರಮವೂ ಮುಖ್ಯ: ಡೈಕಿರಿ, ಕಾಂಚಾಂಚರಾ, ಮೊಹಿಟೋ, ಕ್ಯೂಬಾ ಲಿಬ್ರೆ, ಕೊನೆಗೆ ಪಿನಾ ಕೊಲಾಡಾ. ತೆಂಗಿನ ಕೊಬ್ಬು ನಾಲಿಗೆಗೆ ಒಮ್ಮೆ ಲೇಪವಾದರೆ ಅನಂತರ ಡೈಕಿರಿ ಬರೀ ಹುಳಿಯಾಗಿ ಕಾಣುತ್ತದೆ. ನಡುನಡುವೆ ನೀರು, ಒಂದು ತುಂಡು ಒಣ ಅಕ್ಕಿ ರೊಟ್ಟಿ. ಖಾರದ ಪದಾರ್ಥಗಳೆಲ್ಲ ರುಚಿ ನೋಡಿ ಮುಗಿದ ಮೇಲೆ ಬರಲಿ.

ಇಲ್ಲಿ ಹಿಂದೆ ಹೇಳಿದ ಸಕ್ಕರೆಯ ಲೆಕ್ಕವನ್ನು ತೆಗೆಯಬೇಕು. ಡೈಕಿರಿಯಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇದೆ. ಕ್ಯೂಬಾ ಲಿಬ್ರೆಯ 120 ಮಿ.ಲೀ. ಕೋಲಾದಲ್ಲಿಯೂ ಹತ್ತಿರ ಹತ್ತಿರ ಅಷ್ಟೇ, ಸುಮಾರು 12ರಿಂದ 13 ಗ್ರಾಂ. ಆದರೂ ಕುಡಿದವರೆಲ್ಲ ಕ್ಯೂಬಾ ಲಿಬ್ರೆಯೇ ಸಿಹಿ ಎನ್ನುತ್ತಾರೆ, ಏಕೆಂದರೆ ಅದರಲ್ಲಿ ನಿಂಬೆ ಅರ್ಧದಷ್ಟೇ. ಕೋಲಾದಲ್ಲಿ ತನ್ನದೇ ಆಮ್ಲವಿದ್ದರೂ ನಿಂಬೆಯ ಚೂಪು ಅದಕ್ಕಿಲ್ಲ. ಮೊಹಿಟೋದಲ್ಲಿ ಸಕ್ಕರೆ 8ರಿಂದ 10 ಗ್ರಾಂ, ನಿಂಬೆ ಡೈಕಿರಿಯಷ್ಟೇ, ಸೋಡಾದ ನೀರು ಬೇರೆ. ಹೀಗಾಗಿ ಐದರಲ್ಲಿ ಹೆಚ್ಚು ಬಾಯಾರಿಕೆ ತಣಿಸುವುದು ಅದು. ಪಿನಾ ಕೊಲಾಡಾದಲ್ಲಿ ತೆಂಗಿನ ಪಾಕ ಮತ್ತು ಅನಾನಸ್ ಸೇರಿ 20 ಗ್ರಾಂ ಮುಟ್ಟುತ್ತದೆ, ಆದರೂ ಕೊಬ್ಬು ಮತ್ತು ತಣ್ಪು ಆ ಸಿಹಿಯನ್ನು ಮರೆಸುತ್ತವೆ. ಕುಡಿದವರಿಗೆ ಮದ್ಯದ ಅರಿವೇ ಆಗದಿರುವುದರಿಂದ ಎರಡನೆಯ ಲೋಟ ಕೇಳುವುದು ಇದನ್ನೇ. ಕೊಡುವವರು ಎಚ್ಚರವಾಗಿರಬೇಕಾದದ್ದೂ ಇದರಲ್ಲಿಯೇ.

ಪುತ್ತರಿ ಹಬ್ಬದ ಮಾರನೆಯ ಸಂಜೆ ನಮ್ಮ ಮನೆಯಲ್ಲಿ ಹೀಗೆ ಐದನ್ನೂ ಇಟ್ಟಾಗ, ಕಿರಿಯರೆಲ್ಲ ಮೊಹಿಟೋದ ಕಡೆ ನಿಂತರು. ಅತ್ತಿಗೆಗೆ ಪಿನಾ ಕೊಲಾಡಾ ಒಪ್ಪಿತು. ಚಿಕ್ಕಪ್ಪ ಐದನ್ನೂ ಮೌನವಾಗಿ ರುಚಿ ನೋಡಿ, ಕಾಂಚಾಂಚರಾದ ಲೋಟವನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದು, ‘ಇದನ್ನು ಬಿಸಿನೀರಲ್ಲಿ ಮಾಡಲು ಆಗುತ್ತದೆಯೇ?’ ಎಂದು ಕೇಳಿದರು. ಆಗುತ್ತದೆ. 50 ಮಿ.ಲೀ. ನೀರಿನ ಬದಲು 90 ಮಿ.ಲೀ. ಬಿಸಿನೀರು ತೆಗೆದುಕೊಂಡು, ಅದು ಕುಡಿಯುವಷ್ಟು ಆರಿದ ಮೇಲೆ ಜೇನು ಕದಡಿ, ಐಸ್ ಬಿಟ್ಟು ಉಳಿದದ್ದನ್ನು ಹಾಗೆಯೇ ಸೇರಿಸಿದರೆ ಕಕ್ಕಡಕ್ಕೂ ಹೊಂದುತ್ತದೆ, ಕರೆಂಟಿನ ಹಂಗೂ ಇರುವುದಿಲ್ಲ.

ಉಳಿದ ಸಕ್ಕರೆ ಪಾಕವನ್ನು ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಕೆಡದೆ ಇರುತ್ತದೆ. ಮಬ್ಬು ಕಟ್ಟಿದರೆ ಚೆಲ್ಲಬೇಕು. ತೆಂಗಿನ ಪಾಕ ಅಷ್ಟು ತಾಳುವುದಿಲ್ಲ, ಎರಡು ದಿನದೊಳಗೆ ಮುಗಿಸಬೇಕು. ರಮ್ ಬೆರೆಸದೆ ಉಳಿದಿದ್ದರೆ ಮಾರನೆಯ ದಿನದ ಪಾಯಸಕ್ಕೆ ಇಳಿಸುವ ಮುನ್ನ ಹಾಕಬಹುದು, ಆ ಪಾಯಸಕ್ಕೆ ಸಕ್ಕರೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿಕೊಂಡು.